ಏನನ್ನು ಬಿಡುವುದು: ‘ಗಿವ್ ಅಪ್’ ಕುರಿತು ಕೆಲವು ಯೋಚನೆಗಳು

ಪರೀಕ್ಷೆಯ ದಿನಗಳು ಸಮೀಪಿಸುತ್ತಿದ್ದಂತೆ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಎಲ್ಲಿ ನೋಡಿದರೂ ಒಂದೇ ಮಾತು ಕಣ್ಣಿಗೆ ಬೀಳುತ್ತದೆ: ‘ನೆವರ್ ಗಿವ್ ಅಪ್’. ಕೋಚಿಂಗ್ ಸೆಂಟರಿನ ಫ್ಲೆಕ್ಸಿನಲ್ಲಿ, ವಿದ್ಯಾರ್ಥಿನಿಲಯದ ಓದುವ ಕೋಣೆಯ ಗೋಡೆಯಲ್ಲಿ, ಆಟೋಗಳ ಹಿಂಬದಿಯಲ್ಲಿ, ಹುಡುಗರ ಟೀ ಶರ್ಟಿನ ಮೇಲೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿನಲ್ಲಿ. ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ಈ ಮಾತಿನ ಬಗ್ಗೆ ತಿರಸ್ಕಾರವೇನೂ ಇಲ್ಲ. ಬೆಳಗಿನ ಜಾವವೇ ಎದ್ದು, ಹಸುಗಳ ಕೆಲಸ ಮುಗಿಸಿ, ಡೇರಿಗೆ ಹಾಲು ಹಾಕಿ ಬಂದು, ಆಮೇಲೆ ಪುಸ್ತಕ ಹಿಡಿಯುವ ಮಕ್ಕಳಿಗೆ ಗೋಡೆಯ ಮೇಲಿನ ಒಂದು ಸಾಲಿನಿಂದ ಬಲ ಬರುವುದಾದರೆ ಬರಲಿ. ಆದರೆ ಆ ಸಾಲಿನಲ್ಲಿ ಏನೋ ಒಂದು ಇಲ್ಲ ಎಂಬ ಅನಿಸಿಕೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಅಲ್ಲಿ ಇಲ್ಲದಿರುವುದು ಕರ್ಮಪದ. ಏನನ್ನು ಬಿಡಬಾರದು ಎಂಬುದನ್ನು ಆ ಗೋಡೆ ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಕುಡಿತವನ್ನು ‘ಗಿವ್ ಅಪ್’ ಮಾಡುತ್ತಾರೆ, ಆಸೆಯನ್ನೂ ‘ಗಿವ್ ಅಪ್’ ಮಾಡುತ್ತಾರೆ. ಬಸ್ಸಿನಲ್ಲಿ ವಯಸ್ಸಾದವರಿಗೆ ಸೀಟನ್ನು, ಸಾಕಲಾಗದ ಕೂಸನ್ನು, ಗೆದ್ದ ಸಿಂಹಾಸನವನ್ನು, ಸೋತ ಕೋಟೆಯನ್ನು ಬಿಡುವುದಕ್ಕೂ ಇದೇ ಮಾತು. ಇವುಗಳಲ್ಲಿ ಕೆಲವು ಮನುಷ್ಯನಿಗೆ ಹಿರಿಮೆ ತರುವಂಥವು, ಕೆಲವು ಕಣ್ಣೀರು ತರುವಂಥವು, ಕೆಲವು ತಲೆತಗ್ಗಿಸುವಂತೆ ಮಾಡುವಂಥವು. ಕ್ರಿಯಾಪದ ಮಾತ್ರ ಒಂದೇ. ಅದರ ಬೆಲೆಯನ್ನು ನಿರ್ಧರಿಸುವುದು ಮುಂದೆ ಬರುವ ಹೆಸರು. ಆ ಹೆಸರನ್ನು ಅಳಿಸಿಹಾಕಿ, ಕ್ರಿಯೆಯೊಂದನ್ನೇ ನಿಷೇಧವಾಗಿ ಹದಿನೆಂಟರ ಮಕ್ಕಳ ಮುಂದಿಟ್ಟರೆ ಅವರು ಅದರಿಂದ ಏನನ್ನು ಕಲಿಯುತ್ತಾರೆ ಎಂಬುದೇ ನನ್ನ ಚಿಂತೆ.

ಮೇಲಿನವರಿಗೆ ಒಪ್ಪಿಸುವುದು

ಗಿವ್ ಎಂದರೆ ಕೊಡು, ಅಪ್ ಎಂದರೆ ಮೇಲಕ್ಕೆ. ಈ ಎರಡನ್ನು ಕೂಡಿಸಿದರೆ ಬಿಡುವ ಅರ್ಥ ಹೇಗೆ ಬಂತು ಎಂದು ಮಕ್ಕಳು ಪ್ರತಿವರ್ಷವೂ ಕೇಳುತ್ತಾರೆ. ಉತ್ತರ ಅಷ್ಟೇನೂ ದೂರದಲ್ಲಿಲ್ಲ. ಹಳೆಯ ಬಳಕೆಗಳಲ್ಲಿ ಈ ಮಾತಿಗೆ ಒಪ್ಪಿಸುವುದು ಎಂಬ ಅರ್ಥವೇ ಎದ್ದುಕಾಣುತ್ತದೆ. ತನ್ನ ವಶದಲ್ಲಿದ್ದದ್ದನ್ನು ತನಗಿಂತ ಬಲವಾದವರಿಗೆ ಪೂರ್ತಿಯಾಗಿ ಒಪ್ಪಿಸಿ ಕೈ ಖಾಲಿ ಮಾಡಿಕೊಳ್ಳುವುದು. ಇಂಗ್ಲೆಂಡಿನ ಪೀಟರ್‌ಬರೋ ಮಠದಲ್ಲಿ ಸನ್ಯಾಸಿಗಳು ಬರೆದಿಟ್ಟ ವರ್ಷಾವಳಿಯಲ್ಲಿ 1132ನೇ ಇಸವಿಯ ಕೆಳಗೆ ಒಂದು ಪ್ರಸಂಗವಿದೆ. ಆ ಮಠದ ಅಧಿಪತಿಯಾಗಿದ್ದ ಹೆನ್ರಿ ಎಂಬಾತ ಮಠವನ್ನು ಫ್ರಾನ್ಸಿನ ಕ್ಲೂನಿ ಮಠದ ಅಧೀನಕ್ಕೆ ತರಲು ಹೊಂಚುಹಾಕಿ, ರಾಜನೆದುರು ಸನ್ಯಾಸಿಗಳ ಮೇಲೆ ದೂರು ಹೇಳಿದ. ಮೋಸ ಬಯಲಾಯಿತು. ಕೊನೆಗೆ ಅರಸನಾದ ಒಂದನೇ ಹೆನ್ರಿ ಅವನನ್ನು ಕರೆಸಿ, ಮಠಾಧಿಪತ್ಯವನ್ನು ‘ಗಿವ್ ಅಪ್’ ಮಾಡಿಸಿ ದೇಶದಿಂದಾಚೆಗೆ ಕಳಿಸಿದ. ಇಂದಿನ ಕಾಗುಣಿತಕ್ಕಿಂತ ಬೇರೆಯಾಗಿದ್ದರೂ ಅಲ್ಲಿರುವುದು ಇದೇ ಜೋಡಿಪದ. ಪೀಟರ್‌ಬರೋ ಇದ್ದದ್ದು ಹಿಂದೆ ಡೆನ್ಮಾರ್ಕ್ ಕಡೆಯಿಂದ ಬಂದ ಡೇನರ ಆಳ್ವಿಕೆಗೆ ಸೇರಿದ್ದ ಸೀಮೆಯಲ್ಲಿ. ಅವರಾಡುತ್ತಿದ್ದ ಹಳೆಯ ನಾರ್ಸ್ ಭಾಷೆಯಲ್ಲಿಯೂ ಇಂಥದೇ ಜೋಡಿ ಇದ್ದುದರಿಂದ ಇದರ ಹಿಂದೆ ಆ ಭಾಷೆಯ ಪ್ರಭಾವವನ್ನು ಕಾಣುವ ವಿದ್ವಾಂಸರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಬೇರೊಂದು ವಿಷಯ. ಆ ವಾಕ್ಯದಲ್ಲಿ ಬಿಟ್ಟವನು ಯಾರು, ಬಿಡಿಸಿದವನು ಯಾರು, ಬಿಟ್ಟದ್ದು ಏನು ಎಂಬ ಮೂರೂ ಸ್ಪಷ್ಟವಾಗಿವೆ.

1611ರ ಇಂಗ್ಲಿಷ್ ಬೈಬಲಿನಲ್ಲಿ ಯೇಸು ಶಿಲುಬೆಯ ಮೇಲೆ ‘ಗೋಸ್ಟ್’ ಅನ್ನು ‘ಗಿವ್ ಅಪ್’ ಮಾಡುತ್ತಾನೆ. ಅಲ್ಲಿ ಗೋಸ್ಟ್ ಎಂದರೆ ದೆವ್ವವಲ್ಲ, ಒಳಗಿನ ಉಸಿರು, ಪ್ರಾಣ. ಪ್ರಾಣ ಬಿಟ್ಟ ಎಂದು ನಾವು ಹೇಳುವುದೂ ಹಾಗೆಯೇ. ಅದೇ ಬೈಬಲಿನ ಕೊನೆಯ ಭಾಗದಲ್ಲಿ ಕಡೆಯ ತೀರ್ಪಿನ ದಿನ ಸಮುದ್ರವು ತನ್ನೊಳಗಿದ್ದ ಸತ್ತವರನ್ನು ‘ಗಿವ್ ಅಪ್’ ಮಾಡುತ್ತದೆ. ಅಲ್ಲಿ ಸೋಲಿನ ಸುಳಿವೇ ಇಲ್ಲ. ಇಟ್ಟುಕೊಂಡಿದ್ದುದನ್ನು ಹಿಂದಿರುಗಿಸುವ ಗಾಂಭೀರ್ಯವಷ್ಟೇ ಇದೆ. 1755ರಲ್ಲಿ ತಮ್ಮ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ಹಿಂದೆ ಇಂಥ ಚಿಕ್ಕ ಪದವೊಂದು ಬಂದು ಸೇರಿ ಅರ್ಥವನ್ನೇ ತಿರುಗಿಸುವ ರೀತಿಯು ಪರಭಾಷೆಯವರಿಗೆ ಎಲ್ಲಕ್ಕಿಂತ ದೊಡ್ಡ ತೊಡಕು ಎಂದು ಮುನ್ನುಡಿಯಲ್ಲೇ ಬರೆದರು. ಇವುಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಮಾತ್ರ ತೀರಾ ಈಚೆಗೆ, 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಅವರ ಪುಸ್ತಕದ ಮೂಲಕ. ಆ ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಾಗಿದ್ದ ಹೆನ್ರಿ ಬ್ರಾಡ್ಲಿ. ಹೆಸರಿಲ್ಲದೆಯೇ ಶತಮಾನಗಳ ಕಾಲ ಜನ ಇವನ್ನು ಸರಾಗವಾಗಿ ಬಳಸಿದ್ದರು.

ಅಪ್ ಎಂಬುದು ಎಲ್ಲ ಕಡೆಯೂ ಮೇಲ್ಮುಖವನ್ನೇ ಸೂಚಿಸುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ‘ಈಟ್ ಅಪ್’, ‘ಡ್ರಿಂಕ್ ಅಪ್’, ‘ಡ್ರೈ ಅಪ್’ ಎಂಬಲ್ಲೆಲ್ಲ ಅದು ಕೆಲಸ ಪೂರ್ತಿಯಾಯಿತು, ಏನೂ ಉಳಿಯಲಿಲ್ಲ ಎನ್ನುತ್ತದೆ. ನಾವು ತಿಂದುಬಿಡು, ಕುಡಿದುಬಿಡು, ಒಣಗಿಹೋಯಿತು ಎಂದು ಎರಡನೆಯ ಕ್ರಿಯಾಪದದಿಂದ ಮಾಡುವ ಕೆಲಸವನ್ನು ಇಂಗ್ಲಿಷ್ ಈ ಚಿಕ್ಕ ಪದದಿಂದ ಮಾಡಿಸಿಕೊಳ್ಳುತ್ತದೆ. ಕೋಟೆ, ಪದವಿ, ಪ್ರಾಣ ಎಂದು ಹಿಡಿದಿಡಬಹುದಾದ ವಸ್ತುಗಳಿಂದ ಹೊರಟ ಮಾತು ಕ್ರಮೇಣ ಅಭ್ಯಾಸಕ್ಕೆ, ಆಸೆಗೆ, ಪ್ರಯತ್ನಕ್ಕೆ ಹಬ್ಬಿತು. ಕೊನೆಗೆ ಕರ್ಮಪದವೇ ಬೇಡವೆಂಬ ಸ್ಥಿತಿಯೂ ಬಂತು. ಒಗಟಿಗೆ ಉತ್ತರ ಹೊಳೆಯದ ಇಂಗ್ಲಿಷ್ ಮಗು ‘ಐ ಗಿವ್ ಅಪ್’ ಎಂದರೆ ಸಾಕು, ಆಟ ಮುಗಿಯಿತು. ನಮ್ಮ ಮನೆಯಲ್ಲಿ ಅಜ್ಜಿ ಒಗಟು ಕೇಳುವಾಗ ಹಾಗೆ ತಪ್ಪಿಸಿಕೊಳ್ಳುವಂತಿರಲಿಲ್ಲ. ಉತ್ತರ ಗೊತ್ತಿಲ್ಲ ಎಂದರೆ ‘ಹಂಗಾದ್ರೆ ಊರು ಕೊಡು’ ಎನ್ನುತ್ತಿದ್ದರು. ನಾವು ಒಂದೊಂದೇ ಊರಿನ ಹೆಸರು ಹೇಳಿ ಬಿಟ್ಟುಕೊಡಬೇಕು. ಸೋದರಮಾವನ ಊರನ್ನು ಕೊಡಲು ಮನಸ್ಸಾಗದೆ ನನ್ನ ತಮ್ಮ ಮತ್ತೆ ಕೂತು ಉತ್ತರ ಯೋಚಿಸಿದ್ದುಂಟು. ಸೋಲುವುದಾದರೂ ಏನು ಕೊಟ್ಟು ಸೋಲುತ್ತೇವೆ ಎಂದು ಬಾಯಿಬಿಟ್ಟು ಹೇಳಲೇಬೇಕಾಗಿದ್ದ ಆ ಆಟ ನನಗೆ ಈಗ ಬಹಳ ವಿವೇಕದ ಆಟವಾಗಿ ಕಾಣುತ್ತದೆ.

ಚರ್ಚಿಲ್ ಆಡಿದ ಮಾತು, ರೋಸಾ ಪಾರ್ಕ್ಸ್ ಮಾಡಿದ ಕೆಲಸ

‘ನೆವರ್ ಗಿವ್ ಅಪ್’ ಎಂಬುದರ ಕೆಳಗೆ ಅನೇಕ ಕಡೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಹೆಸರನ್ನು ಅಚ್ಚುಹಾಕಿರುತ್ತಾರೆ. 1941ರ ಅಕ್ಟೋಬರ್ 29ರಂದು, ಯುದ್ಧದ ನಡುವೆ, ತಾನು ಓದಿದ ಹ್ಯಾರೋ ಶಾಲೆಯ ಹುಡುಗರೆದುರು ಚರ್ಚಿಲ್ ಮಾಡಿದ ಭಾಷಣದಲ್ಲಿ ಇರುವುದು ‘ಗಿವ್ ಇನ್’. ದೊಡ್ಡದರಲ್ಲಾಗಲಿ ಚಿಕ್ಕದರಲ್ಲಾಗಲಿ ಎಂದೂ ಮಣಿಯಬೇಡಿ ಎಂದು ಹೇಳಿ, ಅದಕ್ಕೊಂದು ವಿನಾಯಿತಿಯನ್ನೂ ಸೇರಿಸಿದರು: ಆತ್ಮಗೌರವ ಮತ್ತು ಒಳ್ಳೆಯ ವಿವೇಕದಿಂದ ಬಂದ ನಂಬಿಕೆಗಳಿಗೆ ಮಣಿಯಬಹುದು. ಆ ವಿನಾಯಿತಿಯು ಯಾವ ಫ್ಲೆಕ್ಸಿನಲ್ಲಿಯೂ ಬರುವುದಿಲ್ಲ. ‘ಗಿವ್ ಇನ್’ ಎಂದರೆ ಎದುರಿನ ಒತ್ತಡಕ್ಕೆ ಮಣಿಯುವುದು. ಅಲ್ಲಿ ಎದುರಾಳಿಯೊಬ್ಬ ಇರಲೇಬೇಕು. ‘ಗಿವ್ ಅಪ್’ ಮಾಡಲು ಎದುರಾಳಿ ಬೇಕಿಲ್ಲ. ಯಾರ ಒತ್ತಾಯವೂ ಇಲ್ಲದೆ ನಾನೇ ಒಂದನ್ನು ಬಿಡಬಹುದು. ಹಿಟ್ಲರನ ವಿಮಾನಗಳಿಗೆ ಮಣಿಯಬೇಡಿ ಎಂದ ಮಾತನ್ನು ಯಾವುದನ್ನೂ ಎಂದಿಗೂ ಬಿಡಬೇಡಿ ಎಂದು ಬದಲಾಯಿಸಿದಾಗ ಒಂದು ಯುದ್ಧಕಾಲದ ಸಂಕಲ್ಪವು ಬದುಕಿನ ಎಲ್ಲ ನಿರ್ಧಾರಗಳಿಗೂ ಅನ್ವಯವಾಗುವ ಕಟ್ಟಳೆಯಾಗಿಬಿಟ್ಟಿತು.

ಈ ಎರಡು ಮಾತುಗಳ ಅಂತರವನ್ನು ರೋಸಾ ಪಾರ್ಕ್ಸ್ ಅವರಷ್ಟು ನಿಚ್ಚಳವಾಗಿ ತೋರಿಸಿದವರು ಬೇರೊಬ್ಬರಿಲ್ಲ. 1955ರ ಡಿಸೆಂಬರ್ 1ರ ಸಂಜೆ, ಅಮೆರಿಕದ ಅಲಬಾಮಾ ಸಂಸ್ಥಾನದ ಮಾಂಟ್‌ಗೊಮರಿ ನಗರದಲ್ಲಿ, ಅಂಗಡಿಯೊಂದರ ಹೊಲಿಗೆ ಕೆಲಸ ಮುಗಿಸಿ ಅವರು ಬಸ್ಸು ಹತ್ತಿದ್ದರು. ಬಿಳಿಯ ಪ್ರಯಾಣಿಕನೊಬ್ಬ ನಿಂತಿದ್ದಾನೆಂದು ಚಾಲಕ ಆ ಸಾಲಿನಲ್ಲಿದ್ದ ನಾಲ್ವರು ಕಪ್ಪು ಜನರಿಗೂ ಏಳಲು ಹೇಳಿದ. ಮೂವರು ಎದ್ದರು, ಪಾರ್ಕ್ಸ್ ಏಳಲಿಲ್ಲ. ಅವರ ಬಂಧನದಿಂದ ಆರಂಭವಾದ ಬಸ್ ಬಹಿಷ್ಕಾರ 381 ದಿನ ನಡೆದು, ಆ ನಗರದ ಬಸ್ಸುಗಳಲ್ಲಿದ್ದ ವರ್ಣಭೇದದ ಕಾನೂನು ಬಿದ್ದುಹೋಯಿತು. ಅಂದು ಅವರಿಗೆ ದಣಿವಾಗಿತ್ತು, ಅದಕ್ಕೇ ಸೀಟನ್ನು ‘ಗಿವ್ ಅಪ್’ ಮಾಡಲಿಲ್ಲ ಎಂದು ಜನ ಹೇಳುತ್ತ ಬಂದರು. 1992ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಅದನ್ನು ಅಲ್ಲಗಳೆಯುತ್ತಾರೆ. ಮೈ ದಣಿದಿರಲಿಲ್ಲ, ದಣಿದಿದ್ದು ‘ಗಿವಿಂಗ್ ಇನ್’ ಮಾಡಿ ಮಾಡಿ, ಅಂದರೆ ಮಣಿದು ಮಣಿದು, ಎನ್ನುತ್ತಾರೆ. ಕೆಲವೇ ಸಾಲುಗಳಲ್ಲಿ ಎರಡೂ ಮಾತುಗಳಿವೆ. ಬಿಟ್ಟುಕೊಡಬೇಕಾಗಿದ್ದದ್ದು ಒಂದು ಸೀಟು, ಮಣಿಯಬೇಕಾಗಿದ್ದದ್ದು ಒಂದು ಇಡೀ ವ್ಯವಸ್ಥೆಗೆ. ಬಾಣಂತಿಗೋ ಮುದುಕರಿಗೋ ಅದೇ ಸೀಟನ್ನು ಬಿಟ್ಟುಕೊಟ್ಟಿದ್ದರೆ ಅದು ಸೌಜನ್ಯವಾಗುತ್ತಿತ್ತು. ಸೀಟೂ ಅದೇ, ಕ್ರಿಯೆಯೂ ಅದೇ. ಯಾರಿಗೆ, ಯಾರ ಅಪ್ಪಣೆಯಿಂದ ಎಂಬುದು ಬದಲಾದ ಕೂಡಲೇ ಇಡೀ ಅರ್ಥವೇ ಬೇರೆಯಾಯಿತು.

ಹಾಸ್ಟೆಲಿಗೆ ಬಿಟ್ಟ ತಾಯಿ

ಒಮ್ಮೆ ಮೊದಲನೇ ಬಿ.ಎ. ತರಗತಿಗೆ ತಮ್ಮ ಬದುಕಿನ ಒಂದು ದಿನದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದುಕೊಂಡು ಬರಲು ಹೇಳಿದ್ದೆ. ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ, ಕರೆದರೂ ಮಾತಾಡಲು ಹಿಂಜರಿಯುತ್ತಿದ್ದ ಹುಡುಗನೊಬ್ಬ ತಾನು ಐದನೇ ತರಗತಿಗೆ ವಸತಿ ಶಾಲೆ ಸೇರಿದ ದಿನವನ್ನು ಬರೆದಿದ್ದ. ಟ್ರಂಕಿನ ಮೇಲೆ ಸುಣ್ಣದಲ್ಲಿ ಬರೆಸಿದ ಹೆಸರು, ದಾರಿಯಲ್ಲಿ ಬಸ್ಸು ನಿಂತಾಗ ತಾಯಿ ಕೊಡಿಸಿದ ಎರಡು ಬಾಳೆಹಣ್ಣು, ಗೇಟಿನ ಹೊರಗೆ ನಿಂತು ಸೆರಗಿನಿಂದ ಮುಖ ಒರೆಸಿಕೊಂಡ ತಾಯಿ, ಇವೆಲ್ಲವೂ ತಪ್ಪು ಕಾಗುಣಿತದ ನಡುವೆಯೂ ಕಣ್ಣಿಗೆ ಕಟ್ಟುವಂತಿದ್ದವು. ಕೊನೆಯ ಸಾಲು ಹೀಗಿತ್ತು: ‘ಮೈ ಮದರ್ ಗೇವ್ ಮೀ ಅಪ್ ಇನ್ ಹಾಸ್ಟೆಲ್.’ ಅಮ್ಮ ನನ್ನನ್ನು ಹಾಸ್ಟೆಲಿಗೆ ಬಿಟ್ಟರು ಎಂಬುದನ್ನು ಅವನು ಹಾಗೆ ಬರೆದಿದ್ದ. ನಿಘಂಟಿನಲ್ಲಿ ಬಿಡು ಎಂಬುದಕ್ಕೆ ಎದುರಾಗಿ ಕಂಡದ್ದನ್ನು ಅವನು ನಂಬಿ ತೆಗೆದುಕೊಂಡಿದ್ದ.

ಇಂಗ್ಲಿಷ್ ಬಲ್ಲವರು ಆ ವಾಕ್ಯ ಓದಿದರೆ ಅವರ ಮನಸ್ಸಿಗೆ ಬರುವುದು ಬೇರೆಯೇ ಚಿತ್ರ. ಮಗುವನ್ನು ‘ಗಿವ್ ಅಪ್’ ಮಾಡುವುದೆಂದರೆ ಅದರ ಮೇಲಿನ ತಾಯ್ತನದ ಹಕ್ಕನ್ನೇ ಬಿಟ್ಟು, ದತ್ತು ಹೋಗಲೆಂದು ಒಪ್ಪಿಸಿಬಿಡುವುದು. ಮರಳಿ ಕರೆತರುವ ಮಾತೇ ಅಲ್ಲಿರುವುದಿಲ್ಲ. ಆ ತಾಯಿಯೋ ಪ್ರತಿ ತಿಂಗಳೂ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬಂದು ಗೇಟಿನಲ್ಲಿ ಕಾದವರು ಎಂದು ಅದೇ ಬರಹದ ನಡುವೆ ಅವನೇ ಬರೆದಿದ್ದ. ನಾನು ಆ ಸಾಲಿನ ಕೆಳಗೆ ಗೆರೆ ಎಳೆಯದೆ ಅವನನ್ನು ಸ್ಟಾಫ್ ರೂಮಿಗೆ ಕರೆದು ಕೂರಿಸಿ ಅರ್ಥ ಹೇಳಿದೆ. ಅವನ ಮುಖ ಕಪ್ಪಿಟ್ಟಿತು. ‘ಇಲ್ಲ ಮೇಡಂ, ನಮ್ಮಮ್ಮ ಹಂಗೆ ಬಿಟ್ಟಿಲ್ಲ’ ಎಂದ. ಪೆನ್ನು ತೆಗೆದುಕೊಂಡು ಆ ಎರಡು ಪದಗಳನ್ನು ತಾನೇ ಹೊಡೆದುಹಾಕಿ, ‘ಹಾಗಾದ್ರೆ ಗಿವ್ ಅಪ್ ಅಂದ್ರೆ ಬಿಡೋದಲ್ವಾ?’ ಎಂದು ಕೇಳಿದ.

ಬಿಡುವುದೇ, ಆದರೆ ಎಲ್ಲ ಬಿಡುವಿಕೆಯೂ ಅಲ್ಲ. ಕನ್ನಡದಲ್ಲಿ ನಾವು ಮಗುವನ್ನು ಶಾಲೆಗೆ ಬಿಡುತ್ತೇವೆ, ನೀರನ್ನು ಗದ್ದೆಗೆ ಬಿಡುತ್ತೇವೆ, ದನವನ್ನು ಮೇಯಲು ಬಿಡುತ್ತೇವೆ, ಕೂದಲು ಬಿಡುತ್ತೇವೆ. ಇವೊಂದೂ ‘ಗಿವ್ ಅಪ್’ ಆಗಲಾರವು. ಅದರ ಅರ್ಥಕ್ಕೆ ಹತ್ತಿರ ಬರಬೇಕಾದರೆ ನಾವು ಬಿಡು ಎಂಬುದಕ್ಕೆ ಇನ್ನೊಂದನ್ನು ಕೂಡಿಸಬೇಕಾಗುತ್ತದೆ. ಬಿಟ್ಟುಕೊಡು ಎಂದಾಗ ಆ ಬದಿಯಲ್ಲಿ ಪಡೆದುಕೊಳ್ಳುವವರೊಬ್ಬರು ಇದ್ದಾರೆ ಎಂದಾಗುತ್ತದೆ. ಬಿಟ್ಟುಬಿಡು ಎಂದಾಗ ಮತ್ತೆ ಮುಟ್ಟುವುದಿಲ್ಲ ಎಂಬ ಖಚಿತತೆ ಬರುತ್ತದೆ. ಕೈಬಿಡು ಎಂದಾಗ ನಂಬಿ ಬಂದವರನ್ನು ನಡುದಾರಿಯಲ್ಲಿ ನಿಲ್ಲಿಸಿದ ನೋವು ಸೇರಿಕೊಳ್ಳುತ್ತದೆ. ಇಂಗ್ಲಿಷಿನ ಜೋಡಿಪದ ಈ ಮೂರನ್ನೂ ಒಂದರಲ್ಲೇ ತುಂಬಿಕೊಂಡಿರುವುದರಿಂದ ಅಲ್ಲಿ ಕರ್ಮಪದವನ್ನು ನೋಡದೆ ಅರ್ಥಕ್ಕೆ ದಾರಿಯಿಲ್ಲ. ವ್ಯಾಕರಣದ ದೃಷ್ಟಿಯಿಂದ ಕಲಿಸಬೇಕಾದದ್ದು ಹೆಚ್ಚೇನೂ ಇಲ್ಲ: ‘ಇಟ್’, ‘ಹಿಮ್’, ‘ದೆಮ್’ ಎಂಬ ಸರ್ವನಾಮಗಳು ಎರಡು ಪದಗಳ ನಡುವೆಯೇ ಕೂರಬೇಕು, ‘ಗಿವ್ ಇಟ್ ಅಪ್’ ಸರಿ, ‘ಗಿವ್ ಅಪ್ ಇಟ್’ ತಪ್ಪು. ಕ್ರಿಯೆಯೊಂದನ್ನು ಬಿಟ್ಟೆವು ಎನ್ನುವಾಗ ‘ಸ್ಮೋಕಿಂಗ್’ ಎಂಬ ರೂಪವೇ ಬರಬೇಕು, ‘ಟು ಸ್ಮೋಕ್’ ಸಲ್ಲದು. ಇಷ್ಟನ್ನು ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ಆ ಹುಡುಗ ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಒಂದು ಗಂಟೆ ಸಾಲದು.

‘ಆನ್’ ಸೇರಿದಾಗ

ಈ ಜೋಡಿಯ ಹಿಂದೆ ‘ಆನ್’ ಬಂದು ಸೇರಿದರೆ ಮಾತಿನ ತೂಕ ಮತ್ತೊಮ್ಮೆ ಬದಲಾಗುತ್ತದೆ. ಒಂದು ವಸ್ತುವನ್ನು ‘ಗಿವ್ ಅಪ್’ ಮಾಡುವುದು ಬೇರೆ, ಒಬ್ಬ ವ್ಯಕ್ತಿಯ ವಿಷಯದಲ್ಲಿ ‘ಗಿವ್ ಅಪ್ ಆನ್’ ಮಾಡುವುದು ಬೇರೆ. ಎರಡನೆಯದರಲ್ಲಿ, ಇವರಿಂದ ಇನ್ನೇನೂ ಆಗುವುದಿಲ್ಲ ಎಂದು ತೀರ್ಮಾನಿಸಿ ಅವರ ಮೇಲಿನ ನಂಬಿಕೆಯನ್ನು ಕಿತ್ತುಕೊಳ್ಳುವುದಿದೆ. ಮೇಷ್ಟ್ರು ಹುಡುಗನ ಮೇಲೆ ಆಸೆ ಬಿಟ್ಟರು, ಮನೆಯವರು ಕುಡುಕ ಮಗನ ಮೇಲೆ ಆಸೆ ಬಿಟ್ಟರು ಎನ್ನುವಾಗ ನಾವು ಹೇಳುವುದು ಇದನ್ನೇ.

ಈ ಅಂತರ ನನಗೆ ತಟ್ಟಿದ್ದು ಒಂದು ಆಸ್ಪತ್ರೆಯ ಪಡಸಾಲೆಯಲ್ಲಿ. ನಮ್ಮ ಚಿಕ್ಕಪ್ಪನ ಕ್ಯಾನ್ಸರು ಪಿತ್ತಕೋಶ ದಾಟಿ ಹರಡಿತ್ತು. ಇನ್ನು ಕೀಮೋ ಕೊಡುವುದರಿಂದ ಸಂಕಟ ಹೆಚ್ಚಾದೀತೇ ಹೊರತು ಆಯುಷ್ಯ ಹೆಚ್ಚದು, ನೋವು ಕಡಿಮೆ ಮಾಡುವುದರ ಕಡೆಗೆ ಗಮನ ಕೊಡೋಣ ಎಂದು ವೈದ್ಯರು ಚಿಕ್ಕಮ್ಮನಿಗೆ ನಿಧಾನವಾಗಿ, ಎರಡೆರಡು ಸಲ ವಿವರಿಸಿದರು. ಅವರು ಹೊರಗೆ ಬಂದದ್ದೇ ತಡ, ಕಾದು ನಿಂತಿದ್ದ ಬಂಧುಗಳ ನಡುವೆ ಸುದ್ದಿ ಹಬ್ಬಿದ್ದು ಮಾತ್ರ ಒಂದೇ ಸಾಲಿನಲ್ಲಿ: ‘ಡಾಕ್ಟ್ರು ಗಿವ್ ಅಪ್ ಮಾಡ್ಬಿಟ್ರಂತೆ.’ ಆ ಮಾತು ಚಿಕ್ಕಮ್ಮನ ಕಿವಿಗೂ ಬಿತ್ತು. ವೈದ್ಯರ ಎದುರು ಸಮಾಧಾನದಿಂದ ತಲೆಯಾಡಿಸಿದ್ದ ಅವರು ಅಲ್ಲಿಯೇ ಬೆಂಚಿನ ಮೇಲೆ ಕುಸಿದು, ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ, ಈಗಲೇ ಆಂಬುಲೆನ್ಸ್ ಕರೆಸಿ ಎಂದು ಗೋಗರೆದರು. ವೈದ್ಯರು ಬಿಟ್ಟದ್ದು ಒಂದು ಚಿಕಿತ್ಸೆಯನ್ನು. ರೋಗಿಯನ್ನು ಅವರು ಬಿಟ್ಟಿರಲಿಲ್ಲ. ಮಾರ್ಫಿನ್ ಎಷ್ಟು ಹೊತ್ತಿಗೊಮ್ಮೆ, ಬಾಯಿ ಒಣಗಿದರೆ ಏನು ಮಾಡಬೇಕು, ಮನೆಗೆ ಕರೆದೊಯ್ದರೆ ಹಾಸಿಗೆ ಹುಣ್ಣಾಗದಂತೆ ಹೇಗೆ ಹೊರಳಿಸಬೇಕು ಎಂದೆಲ್ಲ ಬರೆದುಕೊಟ್ಟ ಹಾಳೆ ಚಿಕ್ಕಮ್ಮನ ಕೈಯಲ್ಲೇ ಇತ್ತು.

ಈ ದೇಶದ ಕಾನೂನು ಕೂಡ ಈ ಎರಡನ್ನು ಬೇರ್ಪಡಿಸಿ ನೋಡಲು ಬಹಳ ಕಾಲ ತೆಗೆದುಕೊಂಡಿತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಘನತೆಯಿಂದ ಸಾಯುವುದು ಬದುಕುವ ಹಕ್ಕಿನದೇ ಭಾಗವೆಂದು ಹೇಳಿ, ಗುಣವಾಗದ ಸ್ಥಿತಿಯಲ್ಲಿ ಜೀವ ಹಿಡಿದಿಡುವ ಉಪಕರಣಗಳನ್ನು ತೆಗೆಯಲು, ತನಗೆ ಅಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಲು ಅನುಮತಿ ಕೊಟ್ಟಿತು. 2023ರಲ್ಲಿ ಅದರ ಕ್ರಮಗಳನ್ನು ನ್ಯಾಯಾಲಯವೇ ಸರಳಗೊಳಿಸಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರಲು ಸುತ್ತೋಲೆ ಹೊರಡಿಸಿತು. ಆದರೆ ಪಡಸಾಲೆಯಲ್ಲಿ ನಿಂತ ಬಂಧುಗಳ ಬಾಯಲ್ಲಿ ಎರಡಕ್ಕೂ ಇನ್ನೂ ಒಂದೇ ಮಾತಿದೆ, ಆ ಒಂದು ಮಾತು ಕೊಡುವ ಅಪರಾಧಭಾವವನ್ನು ಹೊತ್ತುಕೊಂಡು ಎಷ್ಟೋ ಮನೆಯವರು ಹೊಲ ಮಾರಿ ಐ.ಸಿ.ಯು. ಬಿಲ್ಲು ಕಟ್ಟುತ್ತಾರೆ. ವೈದ್ಯರು ‘ಚಿಕಿತ್ಸೆಯ ರೀತಿ ಬದಲಾಯಿಸುತ್ತಿದ್ದೇವೆ’ ಎಂದು ಹೇಳಿದ್ದನ್ನು ಅದೇ ಮಾತಿನಲ್ಲಿ ಹೊರಗೆ ದಾಟಿಸುವವರೊಬ್ಬರು ಪ್ರತಿ ಕುಟುಂಬದಲ್ಲಿಯೂ ಇರಬೇಕಾಗಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಕಾಶಿಯಲ್ಲಿ ಬಿಟ್ಟದ್ದು

ನಮ್ಮ ಹಿರಿಯರು ಕಾಶಿಗೆ ಹೋದರೆ ಏನಾದರೊಂದನ್ನು ಬಿಟ್ಟು ಬರುವ ಪದ್ಧತಿ ಗೊತ್ತೇ ಇದೆ. ನಮ್ಮ ಅಜ್ಜಿ ಬಿಟ್ಟುಬಂದದ್ದು ಹಲಸಿನ ಹಣ್ಣನ್ನು. ಹಿತ್ತಲಿನ ಹಲಸು ಅವರ ಅತ್ತೆ ನೆಟ್ಟ ಮರ, ಅದರ ಹಣ್ಣೆಂದರೆ ಅಜ್ಜಿಗೆ ಪ್ರಾಣ. ಕಾಶಿಯಿಂದ ಬಂದ ಮೇಲೂ ಹಣ್ಣು ಬಿಡಿಸುವ ಕೆಲಸವನ್ನು ಅವರು ಯಾರಿಗೂ ಕೊಡಲಿಲ್ಲ. ಅಂಗಳದಲ್ಲಿ ಹಳೆಯ ಗೋಣಿಚೀಲ ಹಾಸಿ, ಅಂಗೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಂಡು, ಹಣ್ಣನ್ನು ಸೀಳಿ, ನಡುವಿನ ಗೂಂಜನ್ನು ಕೆತ್ತಿ, ಅಂಟುವ ಮೇಣವನ್ನು ಕಡ್ಡಿಗೆ ಸುತ್ತಿ ತೆಗೆದು, ಒಂದೊಂದೇ ತೊಳೆಯನ್ನು ಬೀಜ ಬೇರ್ಪಡಿಸಿ ನಮ್ಮ ಕೈಗೆ ಹಾಕುತ್ತಿದ್ದರು. ಬೆರಳಿಗೆ ಅಂಟಿದ ರಸವನ್ನು ಸೀರೆಯ ಅಂಚಿಗೆ ಒರೆಸಿಕೊಳ್ಳುತ್ತಿದ್ದರೇ ಹೊರತು ಬಾಯಿಗಿಟ್ಟವರಲ್ಲ. ಒಂದು ತೊಳೆ ತಿಂದರೆ ಏನೂ ಆಗುವುದಿಲ್ಲ ಅತ್ತೆ ಎಂದು ಅಮ್ಮ ಒತ್ತಾಯಿಸಿದಾಗ ‘ಅದನ್ನ ಕಾಶೀಲಿ ಬಿಟ್ಟಾಯ್ತಲ್ಲ’ ಎಂದಷ್ಟೇ ಹೇಳಿ ಮುಂದಿನ ತೊಳೆಗೆ ಕೈ ಹಾಕುತ್ತಿದ್ದರು. ಆ ದನಿಯಲ್ಲಿ ಕೊರಗೂ ಇರಲಿಲ್ಲ, ಹೆಮ್ಮೆಯೂ ಇರಲಿಲ್ಲ. ಬೇಡವಾದ ಹಾಗಲಕಾಯಿಯನ್ನು ಬಿಟ್ಟರೆ ಬಿಟ್ಟಂತಾಗುವುದಿಲ್ಲ, ಇಷ್ಟವಾದದ್ದನ್ನೇ ಬಿಡಬೇಕು ಎಂಬುದು ಅವರು ನಮಗೆ ಹೇಳುತ್ತಿದ್ದ ನಿಯಮ.

ಇದನ್ನು ಇಂಗ್ಲಿಷಿನಲ್ಲಿ ಹೇಳಬೇಕಾದರೆ ‘ಗಿವ್ ಅಪ್’ ಎಂಬುದಕ್ಕಿಂತ ಒಪ್ಪುವ ಮಾತಿಲ್ಲ. ಕ್ರೈಸ್ತರು ಈಸ್ಟರಿಗೆ ಮುಂಚಿನ ಲೆಂಟ್ ವ್ರತದ ದಿನಗಳಲ್ಲಿ ಮಾಂಸವನ್ನೋ ಸಿಹಿಯನ್ನೋ ಬಿಡುವುದಕ್ಕೂ ಇದೇ ಮಾತನ್ನು ಬಳಸುತ್ತಾರೆ. 2015ರ ಮಾರ್ಚ್ 27ರಂದು ಕೇಂದ್ರ ಸರ್ಕಾರ ಅಡುಗೆ ಅನಿಲದ ಸಬ್ಸಿಡಿ ಬಿಟ್ಟುಕೊಡುವಂತೆ ಅನುಕೂಲವಂತರಿಗೆ ಕರೆ ಕೊಟ್ಟಾಗ ಅದಕ್ಕಿಟ್ಟ ಹೆಸರೂ ‘ಗಿವ್ ಇಟ್ ಅಪ್’. ಸುಮಾರು ಒಂದು ವರ್ಷದೊಳಗೆ ಒಂದು ಕೋಟಿ ಗ್ರಾಹಕರು ಬಿಟ್ಟುಕೊಟ್ಟರು. ಅಲ್ಲಿ ‘ಇಟ್’ ಏನು ಎಂಬುದು ಎಲ್ಲರಿಗೂ ಗೊತ್ತಿತ್ತು, ಅದು ಯಾರಿಗೆ ಹೋಗುತ್ತದೆ ಎಂಬುದನ್ನೂ ಹೇಳಲಾಗಿತ್ತು. ಬಿಡಿ ಎಂದು ಕೇಳುವವರು ಆ ಎರಡನ್ನೂ ಹೇಳಲೇಬೇಕೆಂದು ನನ್ನ ಅಭಿಪ್ರಾಯ.

ಸಿಂಹಾಸನ ಬಿಟ್ಟವರ ಮಾತು ಬಂದರೆ ಇಂಗ್ಲಿಷ್ ಚರಿತ್ರೆಯ ಪಾಠದಲ್ಲಿ 1936ರ ಡಿಸೆಂಬರಿನಲ್ಲಿ ಪಟ್ಟ ತ್ಯಜಿಸಿದ ಎಂಟನೇ ಎಡ್ವರ್ಡ್ ಬರುತ್ತಾನೆ. ಪ್ರೀತಿಸಿದವಳನ್ನು ಬಿಡಲಾರದೆ ರಾಜ್ಯವನ್ನು ಬಿಟ್ಟವನು. ನಮ್ಮ ಮಕ್ಕಳಿಗೆ ನಾನು ಅವನ ಪಕ್ಕದಲ್ಲಿ ಬಾಹುಬಲಿಯ ಹೆಸರನ್ನೂ ಬರೆಯುತ್ತೇನೆ. ಸೋತು ಬಿಟ್ಟವನಲ್ಲ, ಗೆದ್ದ ಗಳಿಗೆಯಲ್ಲಿ ಬಿಟ್ಟವನು. ರಾಜ್ಯ ಬಿಟ್ಟರೂ, ಭರತನ ನೆಲದ ಮೇಲೆ ನಿಂತಿದ್ದೇನೆ ಎಂಬ ಒಂದು ಎಣಿಕೆಯನ್ನು ಬಿಡಲಾಗದೆ, ಮೈಮೇಲೆ ಬಳ್ಳಿ ಹಬ್ಬುವವರೆಗೆ ನಿಂತ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಶ್ರವಣಬೆಳಗೊಳ ನಮ್ಮ ಜಿಲ್ಲೆಯಲ್ಲೇ ಇದೆ, ಎಲ್ಲರೂ ಬೆಟ್ಟ ಹತ್ತಿದವರೇ. ‘ಗಿವ್ ಅಪ್’ ಎಂದರೆ ಸೋಲು ಎಂದಷ್ಟೇ ಬರೆದುಕೊಂಡಿದ್ದವರು ಆ ಹೆಸರು ಕಂಡಾಗ ತಮ್ಮ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳುತ್ತಾರೆ.

ಸೀಟು

ಕಳೆದ ವರ್ಷ ಪರಿಚಿತರೊಬ್ಬರು ಮಗನನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗ ದ್ವಿತೀಯ ಪಿ.ಯು. ಮುಗಿಸಿದ್ದ. ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು, ಅವನಿಗೆ ಮನಸ್ಸಿರಲಿಲ್ಲ. ಕೃಷಿ ವಿಜ್ಞಾನ ಓದಬೇಕೆಂಬ ಆಸೆಯಿಂದ ಇನ್ನೊಂದು ವರ್ಷ ಕಾಯುತ್ತೇನೆ ಎನ್ನುತ್ತಿದ್ದ. ತಂದೆ ಕಾಫಿ ಲೋಟವನ್ನು ಮುಟ್ಟದೆ, ‘ನೀವೊಂದು ಮಾತು ಹೇಳಿ ಮೇಡಂ, ಗಿವ್ ಅಪ್ ಮಾಡ್ಬೇಡ ಅಂತ. ನಮ್ಮ ಮಾತು ಕೇಳಲ್ಲ’ ಎಂದರು. ಏನನ್ನು ಬಿಡಬಾರದು ಎನ್ನುತ್ತೀರಿ ಎಂದು ನಾನು ಅವರನ್ನೇ ಕೇಳಿದೆ. ‘ಸೀಟು ಮೇಡಂ, ಇನ್ನೇನು’ ಎಂದರು. ಹುಡುಗನನ್ನು ಕೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನು ಸೀಟ್ ಬಿಡ್ತೀನಿ ಅಂತ ಅಷ್ಟೇ ಹೇಳ್ತಿರೋದು. ಓದೋದು ಬಿಡ್ತೀನಿ ಅಂದಿಲ್ಲ’ ಎಂದ. ಇಷ್ಟು ದಿನ ಮನೆಯಲ್ಲಿ ನಡೆದ ಜಗಳದಲ್ಲಿ ಈ ಎರಡು ವಾಕ್ಯಗಳು ಬೇರೆಬೇರೆಯಾಗಿ ಯಾರ ಬಾಯಿಂದಲೂ ಬಂದಿರಲಿಲ್ಲವೆಂದು ತಂದೆಯ ಮುಖ ನೋಡಿದಾಗ ನನಗನಿಸಿತು.

ನಾನು ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಕೃಷಿ ಕಾಲೇಜಿನ ಸೀಟಿಗೆ ಬೇಕಾಗುವ ರ‍್ಯಾಂಕ್ ಎಷ್ಟು, ಒಂದು ವರ್ಷ ಮನೆಯಲ್ಲಿ ಕೂತು ಓದುವ ಖರ್ಚು ಎಷ್ಟು, ಸಿಕ್ಕಿರುವ ಸೀಟನ್ನು ರದ್ದು ಮಾಡಿಸಿದರೆ ಕಟ್ಟಿದ ಹಣದಲ್ಲಿ ಎಷ್ಟು ಹಿಂದಿರುಗುತ್ತದೆ, ಕೊನೆಯ ದಿನಾಂಕ ಯಾವುದು ಎಂದು ಒಂದು ಹಾಳೆಯ ಮೇಲೆ ಮೂವರೂ ಕೂತು ಬರೆದೆವು. ಗೊತ್ತಿಲ್ಲದ ಕಡೆ ಖಾಲಿ ಬಿಟ್ಟು, ಯಾರನ್ನು ಕೇಳಬೇಕೆಂದು ಪಕ್ಕದಲ್ಲಿ ಗುರುತು ಹಾಕಿದೆವು. ಹುಡುಗ ಆ ಹಾಳೆಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ತಂದೆ ಅದನ್ನು ಅವನ ಜೇಬಿನಿಂದ ತೆಗೆದು, ಬಿಡಿಸಿ, ಕೊನೆಯ ದಿನಾಂಕದ ಸಾಲನ್ನು ಇನ್ನೊಮ್ಮೆ ಓದಿ, ಆ ದಿನಾಂಕದವರೆಗೆ ಯೋಚಿಸಲು ಸಮಯವಿದೆಯಲ್ಲ ಎಂದು ಮಗನನ್ನೇ ಕೇಳಿದರು.